ಸೈಕಲ್ಲಿನ ಸಂಸ್ಕಾರ

ಮೂವತ್ತೈದು ವರ್ಷಗಳ ಕಾಲ ಹುಡುಗರಿಗೆ ಸಂಸ್ಕೃತ ಪಾಠ ಹೇಳಿ, ಈಗ ವಿಶ್ರಾಂತಿವೇತನದ ಮೇಲೆ ಮನೆಯಲ್ಲಿ ಕುಳಿತಿರುವ ನನ್ನಂಥವನು ಸೈಕಲ್ಲಿನ ವಿಷಯವಾಗಿ ಬರೆಯಹೊರಟರೆ ವಾಚಕ ಮಹಾಶಯರಿಗೆ ನಗೆ ಬರುವುದು ಸಹಜವೇ. ನನಗೆ ಸೈಕಲ್ಲಿನ ಪರಿಚಯವೇ ಇಲ್ಲವೆಂದಲ್ಲ. ಪಾಠಶಾಲೆಗೆ ನಾನು ಹೋಗಿಬಂದದ್ದೆಲ್ಲ ಒಂದು ಕರಿಯ ಸೈಕಲ್ಲಿನ ಮೇಲೆ. ವಾರಕ್ಕೊಮ್ಮೆ ಗಾಳಿ, ತಿಂಗಳಿಗೊಮ್ಮೆ ಎಣ್ಣೆ. ಇದಕ್ಕಿಂತ ಹೆಚ್ಚಿನ ಉಪಚಾರವನ್ನು ಅದು ಬೇಡಲಿಲ್ಲ, ನಾನೂ ಮಾಡಲಿಲ್ಲ. ಆದರೆ ಈಗ ನಾನು ಹೇಳಬೇಕೆಂದಿರುವುದು ಆ ಸಾಧುಪ್ರಾಣಿಯ ಕಥೆಯಲ್ಲ. ಬೆಟ್ಟದ ಕಲ್ಲುದಾರಿಗಳಲ್ಲಿ ಹತ್ತಿಳಿಯುವ ಮೌಂಟನ್ ಬೈಕಿನ ಕಥೆ. ಅದರಲ್ಲಿಯೂ, ಮುಂದಿನ ಚಕ್ರವನ್ನು ಹಿಡಿದುಕೊಂಡು, ಕಲ್ಲು ಬಂದಾಗ ಕುಗ್ಗಿ ಮತ್ತೆ ಹಿಗ್ಗುವ ಸಸ್ಪೆನ್ಷನ್ ಫೋರ್ಕಿನ ಕಥೆ. ಆ ಫೋರ್ಕಿನ ಸ್ವಭಾವವನ್ನು ನಾನು ಅರಿಯದೆ ಹೋದುದರಿಂದ, ನನ್ನನ್ನು ನಂಬಿ ಬಿಟ್ಟಿದ್ದ ಹುಡುಗನೊಬ್ಬನ ಕೈ ಮುರಿಯಿತು. ಆಮೇಲೆ ಅರಿತೆ. ಮೊದಲೇ ಅರಿಯಬಾರದಾಗಿತ್ತೇ ಎಂಬ ಪಶ್ಚಾತ್ತಾಪವೇ ಈ ಬರವಣಿಗೆಗೆ ಕಾರಣ.

ನನ್ನ ತಮ್ಮ ಬ್ಯಾಂಕಿನ ನೌಕರ. ವರ್ಗವಾದಲ್ಲಿಗೆಲ್ಲ ಮಗನನ್ನು ಕರೆದುಕೊಂಡು ತಿರುಗಿದರೆ ಓದು ಕೆಡುವುದೆಂದು, ಪಿ.ಯು.ಸಿ. ತರಗತಿಗೆ ಸೇರಿಸುವಾಗ ಹುಡುಗನನ್ನು ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಬಿಟ್ಟನು. ಹೊರಡುವಾಗ ಹುಡುಗನ ತಾಯಿ, "ಭಾವನವರೇ, ಇವನು ಇನ್ನು ನಿಮ್ಮ ಮಗ" ಎಂದು ಹೇಳಿ ಕಣ್ಣೊರಸಿಕೊಂಡಳು. ಹುಡುಗ ಒಳ್ಳೆಯವನು, ಓದಿನಲ್ಲಿಯೂ ಹಿಂದಿಲ್ಲ. ಅವನಿಗಿದ್ದ ಹುಚ್ಚು ಒಂದೇ, ಸೈಕಲ್ಲು. ನಮ್ಮ ಊರಿನ ಉತ್ತರಕ್ಕೆ ಬಾಬಾಬುಡನ್ ಬೆಟ್ಟದ ಸಾಲಿದೆ. ಕರ್ನಾಟಕದ ಬೆಟ್ಟಗಳಲ್ಲೆಲ್ಲ ಎತ್ತರವಾದ ಮುಳ್ಳಯ್ಯನಗಿರಿ ಆ ಸಾಲಿನದೇ. ರಜೆಯ ದಿನಗಳಲ್ಲಿ ತರುಣರು ದಪ್ಪ ಟೈರಿನ ಸೈಕಲ್ಲುಗಳನ್ನು ತಂದು ಕಾಫಿತೋಟಗಳ ನಡುವಣ ಮಣ್ಣುದಾರಿಗಳಲ್ಲಿ ಇಳಿಯುವುದನ್ನು ಕಂಡು ಇವನಿಗೂ ಆಸೆಯಾಯಿತು. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕಗಳನ್ನು ತೆಗೆದುದಕ್ಕೆ ತಂದೆ ಕೊಟ್ಟ ಹಣದಲ್ಲಿ ಬೆಂಗಳೂರಿನ ಗೃಹಸ್ಥರೊಬ್ಬರಿಂದ ಅಂಥದೇ ಒಂದು ಹಳೆಯ ಸೈಕಲ್ಲನ್ನು ಕೊಂಡನು. ಮಾರಿದವರು ದೃಢಕಾಯರು, ೯೦ ಕಿಲೋಗ್ರಾಮಿಗೆ ಕಡಿಮೆಯಿರಲಾರರು. ನಮ್ಮ ಹುಡುಗನ ತೂಕ ೫೪. ಈ ಎರಡು ಅಂಕಿಗಳನ್ನು ವಾಚಕರು ಜ್ಞಾಪಕದಲ್ಲಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ.

ಸೈಕಲ್ಲು ಬಂದ ಹತ್ತು ದಿನಗಳಲ್ಲಿಯೇ ಹುಡುಗ ನನ್ನ ಬಳಿಗೆ ಬಂದು, "ದೊಡ್ಡಪ್ಪ, ಮುಂದಿನ ಫೋರ್ಕು ಬಹಳ ಗಟ್ಟಿ. ಕಲ್ಲಿನ ಮೇಲೆ ಹತ್ತಿದರೂ ಒಳಕ್ಕೆ ಹೋಗುವುದಿಲ್ಲ. ಕೈಯೆಲ್ಲ ಜುಮ್ಮೆನ್ನುತ್ತದೆ. ಗಾಳಿ ಸರಿಮಾಡಬೇಕು, ಅದಕ್ಕೆ ಬೇರೆ ಪಂಪು ಕೊಳ್ಳಬೇಕಂತೆ" ಎಂದನು. ಮನೆಯಲ್ಲಿ ಒಂದು ಪಂಪು ಇರುವಾಗ ಇನ್ನೊಂದು ಪಂಪೇಕೆ? ಇದು ಹಣ ಖರ್ಚುಮಾಡುವ ಮತ್ತೊಂದು ದಾರಿಯೆಂದು ನನಗೆ ತೋರಿತು. "ಗಟ್ಟಿಯಾಗಿದ್ದರೆ ಒಳ್ಳೆಯದೇ ಅಲ್ಲವೇನೋ? ಮೆತ್ತಗಿದ್ದರೆ ಮುರಿದೀತು. ಹೋಗು, ಓದಿಕೋ" ಎಂದೆ. ಅವನು ಮಾತನಾಡದೆ ಹೋದನು. ಹಿರಿಯರ ಮಾತಿಗೆ ಎದುರು ಹೇಳಬಾರದೆಂದು ನಾನೇ ಅವನಿಗೆ ಕಲಿಸಿದ್ದೆನಷ್ಟೆ.

ಡಿಸೆಂಬರ್ ತಿಂಗಳ ಒಂದು ಭಾನುವಾರ ಬೆಳಗ್ಗೆ ತೋಟದ ಕೆಲಸಗಾರರಿಬ್ಬರು ಅವನನ್ನು ಜೀಪಿನಲ್ಲಿ ಕೂರಿಸಿಕೊಂಡು ಬಂದರು. ಇಳಿಜಾರಿನ ತಿರುವಿನಲ್ಲಿ ಮುಂದಿನ ಚಕ್ರ ಒಂದು ಕಲ್ಲಿಗೆ ತಗುಲಿ, ಕಲ್ಲನ್ನು ಹತ್ತಿ ಇಳಿಯುವುದರ ಬದಲು ಪಕ್ಕಕ್ಕೆ ಸಿಡಿದು, ಹುಡುಗನನ್ನು ಚರಂಡಿಗೆ ಎಸೆದಿತ್ತು. ತಲೆಗೆ ಹೆಲ್ಮೆಟ್ ಇದ್ದುದರಿಂದ ತಲೆ ಉಳಿಯಿತು. ಎಡಗೈಯ ಮಣಿಕಟ್ಟಿನ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಕಟ್ಟು ಹಾಕಿಸಿಕೊಂಡು ಬಂದು ಮಲಗಿದ ಮೇಲೆ ಅವನು ಅಂದ ಮಾತು ಒಂದೇ: "ಅಪ್ಪನಿಗೆ ನೀವೇ ಹೇಳಿ, ದೊಡ್ಡಪ್ಪ." ಹೇಳಿದೆ. ತಮ್ಮ ನನ್ನ ಮೇಲೆ ತಪ್ಪು ಹೊರಿಸಲಿಲ್ಲ. "ಹುಡುಗರೆಂದ ಮೇಲೆ ಬೀಳುತ್ತಾರೆ ಬಿಡಣ್ಣ" ಎಂದನು. ಅವನು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಫೋರ್ಕು ಗಟ್ಟಿಯಾಗಿದೆಯೆಂದು ಹುಡುಗ ಹೇಳಿದ್ದನ್ನೂ ನಾನು ಅವನನ್ನು ಓದಿಕೊಳ್ಳಲು ಅಟ್ಟಿದ್ದನ್ನೂ ಆ ದಿನ ತಮ್ಮನಿಗೆ ತಿಳಿಸಲು ನನಗೆ ಬಾಯಿ ಬರಲಿಲ್ಲ.

ಅಜ್ಞಾನದಿಂದ ಮೊದಲನೆಯ ತಪ್ಪನ್ನು ಮಾಡಿದವನು ಅವಸರದಿಂದ ಎರಡನೆಯದಕ್ಕೆ ಕೈಹಾಕಿದೆ. ಮರುದಿನ ಸಂಜೆ ಜಗಲಿಯ ಮೇಲೆ ಸೈಕಲ್ಲನ್ನು ನಿಲ್ಲಿಸಿ, ಆ ಹಾಳು ಗಾಳಿಯನ್ನು ಈಗಲೇ ತೆಗೆದುಬಿಡುತ್ತೇನೆಂದು ಸ್ಪ್ಯಾನರು ಹಿಡಿದು ಕುಳಿತೆ. ಫೋರ್ಕಿನ ಎಡಗಾಲಿನ ತಲೆಯ ಮೇಲೆ ಆರು ಮೂಲೆಯ ಒಂದು ದೊಡ್ಡ ಬಿರಡೆಯಿತ್ತು. ಅದಕ್ಕೆ ಸ್ಪ್ಯಾನರು ಕೊಟ್ಟು, ಸರಿಯಾಗಿ ಕಾಣಲೆಂದು ಮುಖವನ್ನು ಬಗ್ಗಿಸಿದೆ. ಅಷ್ಟರಲ್ಲಿ ಬಾಗಿಲಿನಿಂದ, "ಮೇಷ್ಟರೇ, ಕೈ ತೆಗೆಯಿರಿ!" ಎಂಬ ಕೂಗು ಕೇಳಿಸಿತು. ಹುಡುಗನನ್ನು ನೋಡಲು ಬಂದಿದ್ದ ಸೈಕಲ್ಲಂಗಡಿಯ ಯಜಮಾನನದು ಆ ಕೂಗು. ಅವನು ಹಿಂದೆ ನನ್ನ ವಿದ್ಯಾರ್ಥಿ. ಶಬ್ದರೂಪಗಳನ್ನು ಎಂದೂ ತಪ್ಪಿಲ್ಲದೆ ಒಪ್ಪಿಸಿದವನಲ್ಲ. ಅಂದು ಅವನೇ ಗುರು, ನಾನು ಶಿಷ್ಯ.

ಆ ಬಿರಡೆಯು ಗಾಳಿಯ ಕೋಣೆಗೆ ಹಾಕಿದ ಮುಚ್ಚಳವೆಂದೂ, ಒಳಗೆ ಗಾಳಿ ಬಿಗಿದಿರುವಾಗ ಅದನ್ನು ಸಡಿಲಿಸಿದರೆ ಕೋವಿಯ ಗುಂಡಿನಂತೆ ಸಿಡಿದು ಮುಖಕ್ಕೆ ಬಡಿಯುವುದೆಂದೂ ಅವನು ವಿವರಿಸಿದನು. ಗಾಳಿಯನ್ನು ಏರಿಸಿ ಇಳಿಸುವ ವಾಲ್ವು ಬೇರೆ. ಅದು ಬಿರಡೆಯ ನಡುವೆ, ಬೆರಳಿನಿಂದಲೇ ಬಿಚ್ಚಬಹುದಾದ ಒಂದು ಪುಟ್ಟ ಟೋಪಿಯ ಕೆಳಗೆ ಇದೆ. ಮೋಟಾರುಕಾರಿನ ಟೈರಿಗಿರುವ ವಾಲ್ವಿನಂಥದೇ ಅದು. ಅವನು ಅಂಗಡಿಯಿಂದ ತರಿಸಿದ ಶಾಕ್ ಪಂಪನ್ನು ಅದಕ್ಕೆ ಸಿಕ್ಕಿಸಿದಾಗ ಮುಳ್ಳು ೧೨೫ ತೋರಿಸಿತು. ಎಂದರೆ ಚದರ ಅಂಗುಲಕ್ಕೆ ೧೨೫ ಪೌಂಡಿನ ಒತ್ತಡ. ಕಾರಿನ ಟೈರಿನಲ್ಲಿರುವುದು ಸಾಮಾನ್ಯವಾಗಿ ಮೂವತ್ತರ ಆಸುಪಾಸು. ಆ ಒತ್ತಡದ ಮೇಲೆ ನಾನು ಮುಖವಿಟ್ಟುಕೊಂಡು ಕುಳಿತಿದ್ದೆ! ಫೋರ್ಕಿನ ತಯಾರಕರ ಪುಸ್ತಿಕೆಯನ್ನು ತೆಗೆದು ನೋಡಲಾಗಿ, ನಮ್ಮ ಹುಡುಗನ ತೂಕದವರಿಗೆ ಸುಮಾರು ೭೫ ಸಾಕೆಂದು ಬರೆದಿತ್ತು. ದೃಢಕಾಯರಾದ ಆ ಗೃಹಸ್ಥರು ತಮ್ಮ ತೂಕಕ್ಕೆ ತಕ್ಕಂತೆ ಗಾಳಿ ತುಂಬಿದ್ದರು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಅದೇ ಗಾಳಿಯ ಮೇಲೆ ೫೪ ಕಿಲೋಗ್ರಾಮಿನ ಹುಡುಗ ಕುಳಿತನು. "ಬಿದ್ದದ್ದಕ್ಕೆ ಇದೊಂದೇ ಕಾರಣವೆಂದು ಹೇಳಲಾರೆ, ಮೇಷ್ಟರೇ, ವೇಗವೂ ಇದ್ದಿರಬೇಕು. ಆದರೆ ಫೋರ್ಕು ಕುಗ್ಗದಿದ್ದರೆ ಚಕ್ರಕ್ಕೆ ನೆಲ ಸಿಕ್ಕುವುದಿಲ್ಲ. ನೆಲ ಸಿಕ್ಕದ ಚಕ್ರ ತಿರುಗಿಸಿದ ಕಡೆಗೆ ತಿರುಗುವುದಿಲ್ಲ" ಎಂದನು. ಗಟ್ಟಿಯಾಗಿದ್ದರೆ ಒಳ್ಳೆಯದೆಂಬ ನನ್ನ ಶಾಸ್ತ್ರ ಅಲ್ಲಿಗೆ ಮುಗಿಯಿತು.

ಅಂದಿನಿಂದ ಹುಡುಗನ ಕೈಯ ಕಟ್ಟು ಬಿಚ್ಚುವವರೆಗೆ ವಾರಕ್ಕೆರಡು ಸಲ ನಾನು ಆ ಅಂಗಡಿಗೆ ಹೋಗಿ ಪಾಠ ಹೇಳಿಸಿಕೊಂಡೆ. ಅಲ್ಲಿ ಕಲಿತುದರಲ್ಲಿ ಗೃಹಸ್ಥರಿಗೆ ಉಪಯೋಗವಾಗುವಷ್ಟನ್ನು ಇಲ್ಲಿ ಹೇಳುತ್ತೇನೆ.

ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರಿಗೆ ತಿಳಿದಿರುವಂತೆ, ಅದರಲ್ಲಿ ಸಂಸ್ಕಾರವೆಂಬ ಗುಣವನ್ನು ಮೂರು ಬಗೆಯಾಗಿ ವಿಭಾಗಿಸಿದೆ: ವೇಗ, ಭಾವನೆ, ಸ್ಥಿತಿಸ್ಥಾಪಕ. ಬಿಡಿಸಿದ ಚಾಪೆಯು ಕೈಬಿಟ್ಟೊಡನೆ ಮತ್ತೆ ಸುರುಳಿಯಾಗುವುದಷ್ಟೆ. ಬೇರೆಯಾಗಿ ಮಾಡಿದ ವಸ್ತುವನ್ನು ಹೀಗೆ ಮೊದಲಿನ ಸ್ಥಿತಿಗೆ ತರುವ ಗುಣವೇ ಸ್ಥಿತಿಸ್ಥಾಪಕ. ಪಾಠ ಹೇಳುವಾಗ ನಾನು ಕೈಯಲ್ಲಿನ ಬೆತ್ತವನ್ನು ಬಗ್ಗಿಸಿ, ಬಿಟ್ಟು ತೋರಿಸುತ್ತಿದ್ದೆ. "ಅದು ನೆನಪಿದೆ, ಮೇಷ್ಟರೇ. ಬೆತ್ತದ ಇನ್ನೊಂದು ಉಪಯೋಗವೂ ನೆನಪಿದೆ" ಎಂದು ನನ್ನ ಹೊಸ ಗುರು ನಕ್ಕನು. ಫೋರ್ಕಿನಲ್ಲಿ ಈ ಸ್ಥಿತಿಸ್ಥಾಪಕದ ಕೆಲಸವನ್ನು ಕೆಲವು ಮಾದರಿಗಳಲ್ಲಿ ಉಕ್ಕಿನ ಸ್ಪ್ರಿಂಗು ಮಾಡುವುದು. ನಮ್ಮದರಂಥವುಗಳಲ್ಲಿ ಎಡಗಾಲಿನೊಳಗೆ ಬಿಗಿದ ಗಾಳಿ ಮಾಡುವುದು. ಗಾಳಿಯದಾದರೆ ಸವಾರನ ತೂಕಕ್ಕೆ ತಕ್ಕಂತೆ ಸುಲಭವಾಗಿ ಹೆಚ್ಚುಕಡಿಮೆ ಮಾಡಬಹುದೆಂಬುದೇ ಅದರ ಸೌಕರ್ಯ.

ಹೆಚ್ಚುಕಡಿಮೆ ಮಾಡುವ ಕ್ರಮ ಹೀಗೆ. ಸವಾರನು ಹೆಲ್ಮೆಟ್, ಚೀಲ, ನೀರು ಎಲ್ಲವನ್ನೂ ಧರಿಸಿ ಸೈಕಲ್ಲನ್ನು ಹತ್ತಿ, ಸವಾರಿ ಮಾಡುವ ಭಂಗಿಯಲ್ಲಿ ಪೆಡಲುಗಳ ಮೇಲೆ ನಿಲ್ಲಬೇಕು, ಇನ್ನೊಬ್ಬರು ಹಿಡಿದುಕೊಂಡಿರಬೇಕು. ಫೋರ್ಕಿನ ಮೇಲಣ ನಯವಾದ ಕೊಳವೆಯ ಮೇಲೆ ಒಂದು ರಬ್ಬರಿನ ಉಂಗುರವಿರುತ್ತದೆ. ಅದನ್ನು ಕೆಳಗಣ ಸೀಲಿನವರೆಗೆ ಸರಿಸಿ, ಸವಾರನು ಕುಲುಕದೆ ಮೆಲ್ಲಗೆ ಇಳಿದರೆ, ಸೀಲಿಗೂ ಉಂಗುರಕ್ಕೂ ನಡುವೆ ಉಳಿದ ಅಂತರವೇ ಆ ತೂಕಕ್ಕೆ ಫೋರ್ಕು ಕುಗ್ಗಿದ ಅಳತೆ. ಇದನ್ನು ಸ್ಯಾಗ್ ಎನ್ನುತ್ತಾರೆ. ಸಾಧಾರಣವಾದ ಬೆಟ್ಟದ ಸವಾರಿಗೆ ಇದು ಫೋರ್ಕಿನ ಒಟ್ಟು ಚಲನೆಯಲ್ಲಿ ನೂರಕ್ಕೆ ೧೫ರಿಂದ ೨೫ರವರೆಗೆ ಇರಬಹುದು. ನಮ್ಮ ಫೋರ್ಕಿನ ಚಲನೆ ೧೨೦ ಮಿಲಿಮೀಟರು. ನೂರಕ್ಕೆ ೨೦ರಂತೆ ೨೪ ಮಿಲಿಮೀಟರು ಕುಗ್ಗಬೇಕು. ಬಿದ್ದಾಗ ಇದ್ದ ಗಾಳಿಯಲ್ಲಿ ಎಷ್ಟು ಕುಗ್ಗುತ್ತಿತ್ತೆಂದು, ಕೈ ಗುಣವಾದ ಮೇಲೆ ಹುಡುಗನನ್ನೇ ನಿಲ್ಲಿಸಿ ನೋಡಿದೆವು: ೯ ಮಿಲಿಮೀಟರು! ಗಾಳಿಯನ್ನು ಐದೈದು ಪೌಂಡಿನಷ್ಟು ಇಳಿಸುತ್ತ, ಪ್ರತಿಯೊಂದು ಸಲವೂ ಫೋರ್ಕನ್ನು ಹತ್ತಾರು ಬಾರಿ ಒತ್ತಿ ಬಿಟ್ಟು, ಒಳಗಣ ಎರಡು ಕೋಣೆಗಳಲ್ಲಿಯೂ ಗಾಳಿ ಸಮನಾದ ಬಳಿಕ ಮತ್ತೆ ಅಳೆಯುತ್ತ ಬಂದೆವು. ೭೫ರ ಹತ್ತಿರ ೨೪ ಮಿಲಿಮೀಟರು ಸಿಕ್ಕಿತು.

ಇದಕ್ಕೆ ಬೇರೆ ಪಂಪೇಕೆಂಬ ನನ್ನ ಪ್ರಶ್ನೆಗೂ ಉತ್ತರ ದೊರಕಿತು. ಫೋರ್ಕಿನ ಗಾಳಿಯ ಕೋಣೆ ಚಿಕ್ಕದು. ಟೈರಿನ ಪಂಪು ಒಂದೊಂದು ಸಲಕ್ಕೂ ಬಹಳ ಗಾಳಿಯನ್ನು ನೂಕುವುದರಿಂದ ಬೇಕಾದ ಅಳತೆಗೆ ನಿಲ್ಲಿಸಲಾಗುವುದಿಲ್ಲ; ಪಂಕ್ಚರು ಅಂಗಡಿಯ ಯಂತ್ರವಂತೂ ಒಂದು ಕ್ಷಣದಲ್ಲಿ ಮಿತಿಯನ್ನು ಮೀರಿಸೀತು. ಶಾಕ್ ಪಂಪು ಸ್ವಲ್ಪಸ್ವಲ್ಪವಾಗಿ ಗಾಳಿಯನ್ನು ಕೊಡುತ್ತದೆ, ಅದರ ಮುಳ್ಳೂ ಹೆಚ್ಚಿನ ಒತ್ತಡವನ್ನು ತೋರಿಸುತ್ತದೆ. ಪಂಪನ್ನು ಸಿಕ್ಕಿಸಿದೊಡನೆ ಸ್ವಲ್ಪ ಗಾಳಿ ಅದರ ನಳಿಗೆಗೆ ಹೋಗುವುದರಿಂದ ಮುಳ್ಳು ಸ್ವಲ್ಪ ಕಡಿಮೆ ತೋರಿಸುವುದು ಸಹಜ. ಪಂಪನ್ನು ತೆಗೆಯುವಾಗ ಬರುವ ಬುಸ್ಸೆಂಬ ಸದ್ದು ಹೆಚ್ಚಾಗಿ ನಳಿಗೆಯಲ್ಲಿ ಉಳಿದ ಗಾಳಿಯದು. ಅದಕ್ಕಾಗಿ ಗಾಬರಿಗೊಂಡು ಮೇಲೆ ಮತ್ತಷ್ಟು ತುಂಬಬಾರದು. ಎಷ್ಟೇ ಆಗಲಿ, ತಯಾರಕರು ನಮೂದಿಸಿದ ಪರಮಾವಧಿಯನ್ನು ದಾಟಲೇಬಾರದು.

ಇನ್ನು ವೇಗದ ಮಾತು. ಸ್ಥಿತಿಸ್ಥಾಪಕವೊಂದೇ ಇದ್ದರೆ, ಕುಗ್ಗಿದ ಫೋರ್ಕು ಅದೇ ರಭಸದಿಂದ ಮೇಲಕ್ಕೆ ಚಿಮ್ಮಿ ಸವಾರನ ಕೈಗಳನ್ನು ಒದ್ದೀತು. ಆ ವೇಗವನ್ನು ತಡೆಹಿಡಿಯಲು ಬಲಗಾಲಿನೊಳಗೆ ಎಣ್ಣೆಯಿದೆ. ಅದು ಸಣ್ಣ ರಂಧ್ರಗಳ ಮೂಲಕ ಹಾದುಹೋಗುವಾಗ ಚಲನೆ ನಿಧಾನವಾಗುತ್ತದೆ. ಹಿಂದಿರುಗುವ ವೇಗಕ್ಕೆ ರೀಬೌಂಡ್ ಎಂದು ಹೆಸರು. ಅದನ್ನು ತಿದ್ದುವ ಗುಂಡಿ ಸಾಮಾನ್ಯವಾಗಿ ಬಲಗಾಲಿನ ಕೆಳತುದಿಯಲ್ಲಿ, ಬಹುಮಟ್ಟಿಗೆ ಕೆಂಪು ಬಣ್ಣದಲ್ಲಿರುತ್ತದೆ. ಕೆಲವು ತಯಾರಕರು ನಿಧಾನದ ಕಡೆಗೆ ಆಮೆಯನ್ನೂ ವೇಗದ ಕಡೆಗೆ ಮೊಲವನ್ನೂ ಬರೆದಿರುತ್ತಾರೆ. ಕಥೆಯನ್ನು ಬಲ್ಲ ಮಕ್ಕಳಿಗೆ ಬೇರೆ ವಿವರಣೆಯೇ ಬೇಡ. ಆದರೆ ಇಲ್ಲಿ ಆಮೆಯೇ ಯಾವಾಗಲೂ ಗೆಲ್ಲುವುದೆಂದು ತಿಳಿಯಬಾರದು. ತೀರ ನಿಧಾನವಾದರೆ, ಒಂದು ಕಲ್ಲಿಗೆ ಕುಗ್ಗಿದ ಫೋರ್ಕು ಹಿಗ್ಗುವ ಮೊದಲೇ ಎರಡನೆಯ ಕಲ್ಲು, ಮೂರನೆಯ ಕಲ್ಲು ಬಂದು, ಅದು ಕುಗ್ಗಿಯೇ ಉಳಿದು ಕಲ್ಲುಗೋಡೆಯಂತಾಗುತ್ತದೆ. ತೂಕದವರಿಗೆ ಹೆಚ್ಚು ಗಾಳಿ ಬೇಕು. ಹೆಚ್ಚು ಗಾಳಿಯನ್ನು ತಡೆಯಲು ಹೆಚ್ಚು ನಿಧಾನವೂ ಬೇಕು. ಗಾಳಿ ಕಡಿಮೆ ಮಾಡಿದಾಗ ರೀಬೌಂಡನ್ನೂ ಸ್ವಲ್ಪ ಬಿಡಬೇಕು. ಗುಂಡಿಯನ್ನು ಒಂದೊಂದು ಟಿಕ್ಕಿನಷ್ಟು ಮಾತ್ರ ತಿರುಗಿಸಿ, ಅದೇ ದಾರಿಯಲ್ಲಿ ಸವಾರಿ ಮಾಡಿ, ಫಲವನ್ನು ಪುಸ್ತಕದಲ್ಲಿ ಬರೆದಿಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದೇ ಇಲ್ಲ.

ಹೊಂದಿಸುವುದು ಒಂದು ದಿನದ ಕೆಲಸ. ಕಾಪಾಡುವುದು ನಿತ್ಯದ ಕೆಲಸ. ಹುಡುಗ ಸವಾರಿಗೆ ಹೊರಡುವ ಮೊದಲು ನಾವು ನಾಲ್ಕು ಪರೀಕ್ಷೆಗಳನ್ನು ಮಾಡುತ್ತೇವೆ. ಐದು ನಿಮಿಷ ಹಿಡಿಯುವುದಿಲ್ಲ. ಮೊದಲನೆಯದು, ಮುಂದಿನ ಚಕ್ರದ ಆಕ್ಸಲ್ಲು ಭದ್ರವಾಗಿ ಕೂತಿದೆಯೇ ಎಂಬುದು. ಇದೊಂದು ಸಡಿಲವಾಗಿದ್ದರೆ ಉಳಿದುದೆಲ್ಲ ವ್ಯರ್ಥ. ಎರಡನೆಯದು, ಮುಂದಿನ ಬ್ರೇಕನ್ನು ಹಿಡಿದು ಸೈಕಲ್ಲನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸಿ ನೋಡುವುದು. ಟಕಟಕನೆ ಆಡಿದರೆ, ಆಟ ಎಲ್ಲಿದೆಯೆಂದು ಬೆರಳಿಟ್ಟು ಹುಡುಕಬೇಕು. ಹ್ಯಾಂಡಲಿನ ಬುಡದಲ್ಲಿದ್ದರೆ ಅಲ್ಲಿಯ ಬೇರಿಂಗನ್ನು ಬಿಗಿಮಾಡಬೇಕು. ಮೇಲಣ ಕೊಳವೆಯೂ ಕೆಳಗಣ ಕಾಲೂ ಸೇರುವಲ್ಲಿದ್ದರೆ ಒಳಗಣ ಬುಷ್ ಸವೆದಿರಬಹುದು, ಅಂಗಡಿಗೆ ಒಯ್ಯಬೇಕು. ಮೂರನೆಯದು, ಫೋರ್ಕನ್ನೆಲ್ಲ ಬಟ್ಟೆಯಿಂದ ಒರಸುತ್ತ ಬಿರುಕು, ತಗ್ಗು, ಗೀರುಗಳನ್ನು ಹುಡುಕುವುದು. ಮುಖ್ಯವಾಗಿ ಆಕ್ಸಲ್ಲು ಕೂರುವಲ್ಲಿ ಮತ್ತು ಮೇಲೆ ಎರಡು ಕಾಲುಗಳು ಕೂಡುವಲ್ಲಿ. ಬಿರುಕು ಕಂಡರೆ ಅಂದಿನ ಸವಾರಿ ಅಲ್ಲಿಗೆ ನಿಂತಿತು. ಬಿರುಕನ್ನು ಬೆಸುಗೆ ಹಾಕಿಸಿ ಬಳಸಬಹುದೇ ಎಂದು ನಾನು ಕೇಳಿದಾಗ ನನ್ನ ಗುರು ಉತ್ತರ ಹೇಳದೆ, ಹುಡುಗನ ಮುರಿದ ಕೈಯ ಕಡೆಗೆ ನೋಡಿದನು. ನಾಲ್ಕನೆಯದು, ಫೋರ್ಕನ್ನು ಒತ್ತಿಬಿಟ್ಟು ಎಂದಿನಂತೆ ಚಲಿಸುತ್ತದೆಯೇ, ಕೊಳವೆಯ ಮೇಲೆ ಎಣ್ಣೆ ಒಸರಿ ಬಳೆಯಂತೆ ನಿಂತಿದೆಯೇ ಎಂದು ನೋಡುವುದು. ಎಣ್ಣೆ ಒಸರುತ್ತಿದ್ದರೆ ಸೀಲು ಕೆಟ್ಟಿದೆ.

ಸವಾರಿಯಿಂದ ಬಂದ ಮೇಲೆ ಕೆಸರನ್ನು ತೊಳೆಯಬೇಕು. ನಮ್ಮ ಮಲೆನಾಡಿನ ಕೆಮ್ಮಣ್ಣು ಒಣಗಿದರೆ ಉಪ್ಪುಕಾಗದದಂತೆ ಉಜ್ಜುತ್ತದೆ. ಆದರೆ ಮೋಟಾರು ತೊಳೆಯುವ ರಭಸದ ನೀರನ್ನು ಸೀಲುಗಳ ಮೇಲೆ ಬಿಟ್ಟರೆ ನೀರೂ ಮಣ್ಣೂ ಒಳಕ್ಕೇ ಹೋಗುವುವು. ಚೊಂಬಿನ ನೀರು, ಮೆತ್ತನೆಯ ಬಟ್ಟೆ ಸಾಕು. ನಾನು ಒಂದು ದಿನ ನನ್ನಾಕೆಯ ಹೊಲಿಗೆಯಂತ್ರದ ಎಣ್ಣೆಯನ್ನು ಧಾರಾಳವಾಗಿ ಕೊಳವೆಗಳಿಗೆ ಸವರಿ, ದೊಡ್ಡ ಉಪಕಾರ ಮಾಡಿದೆನೆಂದುಕೊಂಡಿದ್ದೆ. ಎರಡು ದಿನಗಳಲ್ಲಿ ಊರಿನ ಧೂಳೆಲ್ಲ ಅದಕ್ಕೆ ಅಂಟಿ ಸಾಣೆಯ ಹಿಟ್ಟಿನಂತಾಯಿತು. ಬ್ರೇಕಿನ ಡಿಸ್ಕಿಗಂತೂ ಯಾವ ಎಣ್ಣೆಯೂ ಒಂದು ಹನಿಯಷ್ಟಾದರೂ ತಾಕಬಾರದು. ತಾಕಿದರೆ ಇಳಿಜಾರಿನಲ್ಲಿ ಬ್ರೇಕು ಹಿಡಿಯದು.

ಇದು ಹೊರಗಿನ ಶುಚಿ. ಒಳಗಿನ ಶುಚಿಗೂ ಕಾಲನಿಯಮವಿದೆ. ಕೆಲವು ತಯಾರಕರು ೫೦ ಗಂಟೆಗಳ ಸವಾರಿಗೊಮ್ಮೆ ಕೆಳಗಣ ಕಾಲುಗಳನ್ನು ಬಿಚ್ಚಿ ಎಣ್ಣೆ ಬದಲಿಸಬೇಕೆಂದೂ, ೨೦೦ ಗಂಟೆಗಳಿಗೊಮ್ಮೆ ಗಾಳಿಯ ಕೋಣೆ ಮತ್ತು ಎಣ್ಣೆಯ ಭಾಗ ಎರಡನ್ನೂ ಬಿಚ್ಚಿ ನೋಡಬೇಕೆಂದೂ ಹೇಳುತ್ತಾರೆ. ಮಾದರಿಯಿಂದ ಮಾದರಿಗೆ ಈ ಲೆಕ್ಕ ಬೇರೆಯಾದುದರಿಂದ ಆಯಾ ಪುಸ್ತಿಕೆಯೇ ಪ್ರಮಾಣ. ನಮ್ಮ ಫೋರ್ಕನ್ನು ಅಂಗಡಿಯಲ್ಲಿ ಬಿಚ್ಚಿದಾಗ ನಾನು ಪಕ್ಕದಲ್ಲಿಯೇ ಕುಳಿತು ನೋಡಿದೆ. ಮೊದಲು ಕಣ್ಣಿಗೆ ಕನ್ನಡಕ. ಆಮೇಲೆ ವಾಲ್ವನ್ನು ಒತ್ತಿ ಗಾಳಿಯನ್ನು ಪೂರ್ತಿಯಾಗಿ ಬಿಡುವುದು, ಫೋರ್ಕನ್ನು ಮೆಲ್ಲಗೆ ಒತ್ತಿ ಉಳಿದುದನ್ನೂ ಬಿಡುವುದು. ಹೀಗೆ ಬಿಟ್ಟ ಮೇಲೆ ಫೋರ್ಕು ಕುಗ್ಗಿಯೇ ನಿಂತು ಹಿಗ್ಗದಿದ್ದರೆ ಒಳಗೆಲ್ಲೋ ಒತ್ತಡ ಸಿಕ್ಕಿಕೊಂಡಿದೆಯೆಂದರ್ಥ. ಅಂಥದನ್ನು ಮನೆಯಲ್ಲಿ ಬಿಚ್ಚಲೇಬಾರದು. ನಮ್ಮದರಲ್ಲಿ ಹಾಗಾಗಲಿಲ್ಲ. ಚಕ್ರವನ್ನೂ ಬ್ರೇಕನ್ನೂ ತೆಗೆದು, ಕೆಳತುದಿಯ ಬೋಲ್ಟುಗಳನ್ನು ಸಡಿಲಿಸಿ, ಮೆತ್ತನೆಯ ಸುತ್ತಿಗೆಯಿಂದ ತಟ್ಟಿದಾಗ, ತಟ್ಟೆಯೊಳಕ್ಕೆ ಇಳಿದ ಎಣ್ಣೆ ಗದ್ದೆಯ ನೀರಿನಂತೆ ಕದಡಿತ್ತು. ಒಳಗಣ ಸ್ಪಂಜಿನ ಉಂಗುರಗಳು ಒಣಗಿ ಕಪ್ಪಾಗಿದ್ದುವು. ಅವುಗಳನ್ನು ತೊಳೆದು ಎಣ್ಣೆಯಲ್ಲಿ ನೆನೆಸಿ, ಪುಸ್ತಿಕೆಯಲ್ಲಿ ಹೇಳಿದ ಜಾತಿಯ ಎಣ್ಣೆಯನ್ನೇ ಹೇಳಿದಷ್ಟೇ ಮಿಲಿಲೀಟರು ಅಳೆದು ಹಾಕಿ, ಹೊಸ ವಾಷರುಗಳನ್ನಿಟ್ಟು, ಬಿಗಿಯನ್ನು ಅಳೆಯುವ ಟಾರ್ಕ್ ಸ್ಪ್ಯಾನರಿನಿಂದ ಬಿಗಿದನು. ಹೆಚ್ಚು ಬಿಗಿದರೂ ಕೇಡು, ಕಡಿಮೆ ಬಿಗಿದರೂ ಕೇಡು. ಇದನ್ನು ಒಮ್ಮೆಯೂ ಮಾಡಿ ನೋಡದವರು ಬಲ್ಲವರ ಕೈಯಲ್ಲಿ ಮಾಡಿಸುವುದೇ ಲೇಸೆಂದು ನನ್ನ ಅಭಿಪ್ರಾಯ. ಹಾಗೆಯೇ, ಹುಡುಗರು ಆಸೆಪಟ್ಟರೆಂದು ಸೈಕಲ್ಲಿನ ಚೌಕಟ್ಟಿಗೆ ಒಪ್ಪದ ಉದ್ದವಾದ ಫೋರ್ಕನ್ನು ಹಾಕಿಸಲೂಬಾರದು; ಚೌಕಟ್ಟು ತಾಳುವಷ್ಟಕ್ಕೇ ಅದರ ತಯಾರಕರು ಮಿತಿಯನ್ನು ಇಟ್ಟಿರುತ್ತಾರೆ.

ಈ ಕ್ರೀಡೆಯ ಹುಟ್ಟನ್ನು ಕೈಗೆ ಕಟ್ಟು ಕಟ್ಟಿಕೊಂಡು ಕುಳಿತಿದ್ದ ಹುಡುಗನೇ ನನಗೆ ಹೇಳಿದನು. ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದ ಮರಿನ್ ಕೌಂಟಿಯಲ್ಲಿ ಜೋ ಬ್ರೀಜ್, ಗ್ಯಾರಿ ಫಿಷರ್, ಚಾರ್ಲಿ ಕೆಲಿ ಮೊದಲಾದ ತರುಣರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಬೆಟ್ಟದ ಮಣ್ಣುದಾರಿಯಲ್ಲಿ ಇಳಿಸುವ ಪಂದ್ಯವನ್ನು ೧೯೭೬ರಲ್ಲಿ ಆರಂಭಿಸಿದರು. ಹಿಂದಿನ ಚಕ್ರದ ಗುಂಬದೊಳಗಿದ್ದ ಬ್ರೇಕು ಇಳಿಜಾರಿನಲ್ಲಿ ಕಾದು, ಅದರ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು; ಇಳಿದ ಮೇಲೆ ಹೊಸ ಗ್ರೀಸನ್ನು ತುಂಬಬೇಕಾಗುತ್ತಿತ್ತು. ಹೀಗೆ ಮರಳಿ ತುಂಬುವುದಕ್ಕೆ ಇಂಗ್ಲಿಷಿನಲ್ಲಿ ರೀಪ್ಯಾಕ್ ಎನ್ನುತ್ತಾರೆ. ಆ ಪಂದ್ಯಕ್ಕೂ ಆ ದಾರಿಗೂ ಅದೇ ಹೆಸರಾಯಿತು. ಆಗ ಫೋರ್ಕುಗಳು ಕುಗ್ಗದ ಉಕ್ಕಿನವು. ೧೯೮೯ರಲ್ಲಿ ಪಾಲ್ ಟರ್ನರ್ ರಾಕ್‌ಶಾಕ್ಸ್ ಸಂಸ್ಥೆಯನ್ನು ಆರಂಭಿಸಿದರು; ಅದರ ಮೊದಲ ಫೋರ್ಕಿನ ಚಲನೆ ಸುಮಾರು ಎರಡು ಅಂಗುಲ ಮಾತ್ರ. ೧೯೯೬ರ ಅಟ್ಲಾಂಟ ಒಲಿಂಪಿಕ್ಸಿನಲ್ಲಿ ಈ ಕ್ರೀಡೆಗೆ ಸ್ಥಾನ ದೊರೆಯಿತು. ಇದನ್ನೆಲ್ಲ ಕೇಳಿ ನನಗೆ ತೋರಿದ್ದಿಷ್ಟು: ತನ್ನ ಮೊದಲ ಪಂದ್ಯಕ್ಕೆ ಶೂರರ ಹೆಸರನ್ನಾಗಲಿ ಬೆಟ್ಟದ ಹೆಸರನ್ನಾಗಲಿ ಇಡದೆ, ಗ್ರೀಸು ತುಂಬುವ ಕೆಲಸದ ಹೆಸರನ್ನಿಟ್ಟುಕೊಂಡ ಈ ಕ್ರೀಡೆಯಲ್ಲಿ, ಉಪಚಾರವನ್ನು ಮರೆತವನು ಮೂಲವನ್ನೇ ಮರೆತಂತೆ.

ಮಾರ್ಚ್ ತಿಂಗಳ ಕೊನೆಗೆ ಪರೀಕ್ಷೆ ಮುಗಿಯಿತು. ವೈದ್ಯರು ಒಪ್ಪಿಗೆ ಕೊಟ್ಟರು. ಹುಡುಗ ಮತ್ತೆ ಹೊರಡುವ ಮುನ್ನ ನಾನು ತಮ್ಮನಿಗೆ ಫೋನು ಮಾಡಿ, ಡಿಸೆಂಬರಿನಲ್ಲಿ ಹೇಳದೆ ಬಿಟ್ಟಿದ್ದ ಮಾತನ್ನು ಹೇಳಿದೆ. ಅವನು ಕೊಂಚ ಹೊತ್ತು ಸುಮ್ಮನಿದ್ದು, "ಈಗ ನೀನೇ ನೋಡುತ್ತೀಯಲ್ಲ, ಅಣ್ಣ?" ಎಂದನು. ನೋಡುತ್ತೇನೆಂದೆ. ಆ ಭಾನುವಾರ ಅದೇ ತಿರುವಿನ ಕೆಳಗೆ ಹೋಗಿ ನಿಂತೆ. ಮೇಲೆ ಸೈಕಲ್ಲಿನ ಸದ್ದು ಕೇಳಿಸಿದಾಗ ನನ್ನ ಕೈ ಬೆವರುತ್ತಿತ್ತು. ಹುಡುಗ ಬಂದನು, ಕಲ್ಲಿನ ಮೇಲೆ ಚಕ್ರ ಏರಿತು, ಫೋರ್ಕು ಕುಗ್ಗಿತು, ಚಕ್ರ ನೆಲವನ್ನು ಬಿಡದೆ ಇಳಿಯಿತು. ನನ್ನ ಪಕ್ಕದಲ್ಲಿ ಬಂದು ನಿಂತು, ಕೊಳವೆಯ ಮೇಲಣ ಉಂಗುರವನ್ನು ತೋರಿಸಿದನು. ಹಿಂದೆ ಅರ್ಧವನ್ನೂ ಮುಟ್ಟದಿದ್ದ ಉಂಗುರ ೧೨೦ರಲ್ಲಿ ನೂರರವರೆಗೆ ಏರಿತ್ತು. "ದೊಡ್ಡಪ್ಪ, ಈಗ ಕೈ ಜುಮ್ಮೆನ್ನುವುದಿಲ್ಲ" ಎಂದನು.

ತರ್ಕಸಂಗ್ರಹದ ಮೂರು ಸಂಸ್ಕಾರಗಳಲ್ಲಿ ಎರಡನ್ನು ಫೋರ್ಕಿನಲ್ಲಿ ಕಂಡೆ. ಮೂರನೆಯದಾದ ಭಾವನೆಯು, ಎಂದರೆ ಅನುಭವದಿಂದ ಹುಟ್ಟಿ ಸ್ಮರಣೆಗೆ ಕಾರಣವಾಗುವುದು, ಯಂತ್ರದಲ್ಲಿಲ್ಲ; ಅದು ಆತ್ಮದ ಗುಣ. ಅದು ನನ್ನಲ್ಲಿ ಉಳಿದಿದೆ. ಪಾಠಶಾಲೆಯಲ್ಲಿ ನಾನು ಎಲ್ಲ ಹುಡುಗರಿಗೂ ಒಂದೇ ಬಿಗಿಯನ್ನು ಹಾಕಿದೆನೇನೋ, ತೂಕ ನೋಡಲಿಲ್ಲವೇನೋ ಎಂಬ ಯೋಚನೆ ಈಗ ಆಗಾಗ ಬರುತ್ತದೆ. ಅದಕ್ಕೆ ಇಂದು ಪರಿಹಾರವಿಲ್ಲ. ಕೈಗೆ ಸಿಕ್ಕುವ ಪರಿಹಾರ ಒಂದಿದೆ. ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಬಂದು, ಇದು ಗಟ್ಟಿಯಾಗಿದೆ, ಇದು ಸಡಿಲವಾಗಿದೆ ಎಂದರೆ, ಓದಿಕೋ ಹೋಗೆಂದು ಅಟ್ಟುವ ಮೊದಲು ಎದ್ದು ಹೋಗಿ ಒಂದು ಸಲ ನೋಡಿರಿ. ನೋಡುವುದಕ್ಕೆ ಐದು ನಿಮಿಷ ಸಾಕು. ನಮ್ಮ ಮನೆಯಲ್ಲಿ ಇಂದು ಭಾನುವಾರ; ಹುಡುಗ ಜಗಲಿಯಲ್ಲಿ ಸೈಕಲ್ಲನ್ನು ನಿಲ್ಲಿಸಿ ನನ್ನನ್ನು ಕರೆಯುತ್ತಿದ್ದಾನೆ. ಹೋಗಿ ನೋಡಬೇಕು.